ಹಳ್ಳಿಗೆ ಡಾಕ್ಟರ್ ಬೇಕು, ಕಲಿಸುವ ಖರ್ಚು ಯಾರದು?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ "ಆರೋಗ್ಯದ ಬಗ್ಗೆ ನಾಲ್ಕು ಮಾತು ಆಡ್ರಿ ಮೇಡಂ" ಅಂದರು. ಡಾಕ್ಟರನ್ನು ಕರೆದರೆ ಸಕ್ಕರೆ ಕಡಿಮೆ ಮಾಡ್ರಿ, ದಿನಾ ಅರ್ಧ ಗಂಟೆ ನಡೀರಿ ಎಂದು ಹೇಳಿ ಹೋಗುತ್ತಾರೆ ಎಂದು ಅವರ ಎಣಿಕೆ ಇದ್ದೀತು. ಅದನ್ನೂ ಮಾಡ್ರಿ. ಆದರೆ ನಾನು ಈ ದಿನ ದುಡ್ಡಿನ ಮಾತು ಆಡಬೇಕೆಂದು ಬಂದಿದ್ದೇನೆ. ಹಳ್ಳಿಯ ಜನರನ್ನು ನೋಡಿಕೊಳ್ಳುವ ಡಾಕ್ಟರನ್ನು ತಯಾರು ಮಾಡಲು ಸರ್ಕಾರ ಖರ್ಚು ಮಾಡುವ ಹಣ ಎಲ್ಲಿಗೆ ಹೋಗುತ್ತದೆ, ಎಲ್ಲಿಗೆ ಹೋಗಬೇಕಾಗಿತ್ತು ಎಂಬುದು ನನ್ನ ವಿಷಯ. ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿ ನಿವೃತ್ತಿ ಆದ ಮೇಲೆ ಇದನ್ನು ಧೈರ್ಯವಾಗಿ ಹೇಳಬಹುದು. ಪಿಂಚಣಿ ಮಂಜೂರಾಗಿದೆ.

ಎಂ.ಬಿ.ಬಿ.ಎಸ್. ಮುಗಿಸಿ ನಾನು ಮೊದಲು ಸೇರಿದ್ದು ನಮ್ಮ ಭಾಗದ್ದೇ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಊರಿನ ಹೆಸರು ಬೇಡ. ಹತ್ತಿ, ಮೆಣಸಿನಕಾಯಿ, ಶೇಂಗಾ ಬೆಳೆಯುವ ಊರು. ದಿನಕ್ಕೆ ಮೂರು ಬಸ್ಸು, ಮಳೆ ಬಂದರೆ ಒಂದು. ಎರಡನೆಯ ದಿನ ವಯಸ್ಸಾದ ಅವ್ವ ಒಬ್ಬರು ಬಂದರು. ಸೆರಗಿನ ಗಂಟಿನಿಂದ ಪ್ಲಾಸ್ಟಿಕ್ ಚೀಲ ಬಿಚ್ಚಿ ಮೇಜಿನ ಮೇಲೆ ಚೀಟಿಗಳನ್ನು ಸುರಿದರು. ಐದು ಚೀಟಿ, ಐದು ಕೈಬರಹ. ನಾಲ್ಕು ವರ್ಷದಲ್ಲಿ ಐದು ಡಾಕ್ಟರು ಬಂದು ಹೋಗಿದ್ದರು. ಬಿ.ಪಿ.ಗೆ ಮೊದಲಿನವರು ಬರೆದ ಗುಳಿಗೆಯನ್ನು ಎರಡನೆಯವರು ಬದಲಿಸಿದ್ದರು, ಮೂರನೆಯವರು ನಿಲ್ಲಿಸಿದ್ದರು, ನಾಲ್ಕನೆಯವರು ಹುಬ್ಬಳ್ಳಿ ದೊಡ್ಡ ದವಾಖಾನೆಗೆ ಬರೆದುಕೊಟ್ಟಿದ್ದರು. ಐದನೆಯವರ ಅಕ್ಷರ ನನಗೂ ಓದಲಿಕ್ಕೆ ಬರಲಿಲ್ಲ. ನಾನು ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಿರುವಾಗ ಆ ಅವ್ವ ಕೇಳಿದರು: "ಬಾಯಾರ, ನೀವರ ಎಷ್ಟ ದಿನಾ ಇರ್ತೀರಿ?"

ನಾನು ಏನೋ ಒಂದು ಹೇಳಿ ನಕ್ಕೆ. ನನ್ನ ಟ್ರಂಕಿನಲ್ಲಿ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಪುಸ್ತಕಗಳು ಇದ್ದವು.

ಅದೇ ವಾರ ರಾತ್ರಿ ಒಂದು ಹೆರಿಗೆ ಬಂತು. ಚೊಚ್ಚಲು. ಕರೆಂಟು ಇರಲಿಲ್ಲ. ಹೆರಿಗೆ ಮಾಡಿಸಿದವರು ಸಿಸ್ಟರ್, ನಾನು ಟಾರ್ಚ್ ಹಿಡಿದಿದ್ದೆ. ನಿಜ ಹೇಳಬೇಕೆಂದರೆ ಟಾರ್ಚ್ ಕೂಡ ಅಲುಗಾಡುತ್ತಿತ್ತು. ನನ್ನ ಹೆಸರಿನ ಮುಂದೆ ಡಾಕ್ಟರ್ ಎಂದು ಇತ್ತು, ಕಾಲೇಜಿನಲ್ಲಿ ಹೆರಿಗೆಗಳನ್ನು ನೋಡಿದ್ದೆ ಕೂಡ. ಹದಿನೈದು ಇಪ್ಪತ್ತು ವಿದ್ಯಾರ್ಥಿಗಳ ಹೆಗಲ ಮೇಲಿಂದ ಇಣುಕಿ ನೋಡಿದ್ದೆ. ಮಗು ಅತ್ತಿತು, ತಾಯಿ ಉಳಿದಳು, ಸಿಸ್ಟರ್ ಕೈ ತೊಳೆಯುತ್ತಾ "ಮುಂದಿನದ್ದು ನೀವ ಮಾಡ್ರಿ ಮೇಡಂ, ನಾ ಬಾಜೂಕ ನಿಂದರ್ತೀನಿ" ಅಂದರು. ಹಾಗೆಯೇ ಮಾಡಿಸಿದರು. ಹಾವು ಕಡಿದವರಿಗೆ ಗಾಬರಿಯಾಗದೆ ಏನೇನು ಮೊದಲು ಮಾಡಬೇಕು, ಹೊಲಕ್ಕೆ ಹೊಡೆಯುವ ಎಣ್ಣಿ ಕುಡಿದು ಬಂದವರಿಗೆ ಅಟ್ರೋಪಿನ್ ಎಷ್ಟು ಕೊಡಬೇಕು, ಎಷ್ಟು ಹೊತ್ತು ಪಕ್ಕದಲ್ಲಿ ಕೂತು ಕಣ್ಣು ನೋಡುತ್ತಿರಬೇಕು, ಇವೆಲ್ಲ ಪುಸ್ತಕದಲ್ಲಿ ಇದ್ದವು. ಕೈಗೆ ಬಂದದ್ದು ಮಾತ್ರ ಆ ಸಿಸ್ಟರ್, ಒಬ್ಬ ಹಳೆಯ ಕಂಪೌಂಡರ್, ಮತ್ತು ತಾಲ್ಲೂಕು ಆಸ್ಪತ್ರೆಯ ಒಬ್ಬ ಹಿರಿಯ ಡಾಕ್ಟರ ದಯೆಯಿಂದ. ಕಲಿಸುವುದಕ್ಕೆ ಅವರಿಗೆ ಯಾರೂ ಒಂದು ಪೈಸೆ ಕೊಟ್ಟಿರಲಿಲ್ಲ. ಕಲಿಸುವುದು ಅವರ ಕೆಲಸ ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ.

ಈಗ ದುಡ್ಡಿಗೆ ಬರುತ್ತೇನೆ.

ನಮ್ಮ ರಾಜ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಈಗ ಎಂ.ಬಿ.ಬಿ.ಎಸ್. ಶುಲ್ಕ ವರ್ಷಕ್ಕೆ ಅರವತ್ತು ಸಾವಿರದ ಆಸುಪಾಸು. ಖಾಸಗಿ ಕಾಲೇಜಿನ ಖಾಸಗಿ ಸೀಟಿಗೆ ಅದೇ ಒಂದು ವರ್ಷಕ್ಕೆ ಹಲವು ಲಕ್ಷ. ಹಾಗಾದರೆ ಸರ್ಕಾರಿ ಕಾಲೇಜಿನಲ್ಲಿ ಉಳಿದ ಖರ್ಚನ್ನು ಕೊಡುವವರು ಯಾರು? ನೀವು. ಇಂಡಿ ಪಂಪ್ ಸರ್ಕಲ್ಲಿನಲ್ಲಿ ನಿಂತು ಬಿಸ್ಕಿಟ್ ಪ್ಯಾಕೆಟ್ ಕೊಳ್ಳುವ ಹಮಾಲನೂ ತೆರಿಗೆ ಕಟ್ಟುತ್ತಾನೆ. ಒಬ್ಬ ಡಾಕ್ಟರ್ ತಯಾರಾಗುವ ಐದೂವರೆ ವರ್ಷದ ಖರ್ಚಿನಲ್ಲಿ ಅವನದೂ ಪಾಲಿದೆ. ಇದರಲ್ಲಿ ನನ್ನದೇನೂ ತಕರಾರಿಲ್ಲ. ನಾನೇ ಆ ದುಡ್ಡಿನಲ್ಲಿ ಓದಿದವಳು. ಅಪ್ಪ ನೇಕಾರಿಕೆಯಲ್ಲಿ ದುಡಿದದ್ದು ನನ್ನ ಹಾಸ್ಟೆಲ್ ಊಟಕ್ಕೆ ಸಾಕಾಗುತ್ತಿತ್ತು, ಅಷ್ಟೇ.

ತಕರಾರು ಇರುವುದು ಆ ದುಡ್ಡಿನ ದಾರಿಯ ಬಗ್ಗೆ. ಕಲಿಸುವುದಕ್ಕೆಂದು ಖಜಾನೆಯಿಂದ ಹೊರಡುವ ಹಣ ಬಹುತೇಕ ದೊಡ್ಡ ಆಸ್ಪತ್ರೆಯ ಆವರಣದೊಳಗೇ ಇಳಿಯುತ್ತದೆ. ಪ್ರಾಧ್ಯಾಪಕರ ಸಂಬಳ, ವಾರ್ಡು, ಲ್ಯಾಬು, ಯಂತ್ರ, ಗ್ರಂಥಾಲಯ, ಎಲ್ಲವೂ ಅಲ್ಲಿ. ಅವು ಬೇಕು. ಆದರೆ ಅಲ್ಲಿಗೆ ಬರುವ ರೋಗಿ ಎಷ್ಟೋ ಕೈ ದಾಟಿ, ಕಾಯಿಲೆ ಬಲಿತು ಬಂದವನು. ಹಳ್ಳಿಯ ದವಾಖಾನೆಗೆ ಬರುವವನಿಗೆ ನಿನ್ನೆಯಿಂದ ಜ್ವರ, ಕಾರಣ ಗೊತ್ತಿಲ್ಲ. ಇದು ತಾನಾಗಿ ಇಳಿಯುವ ಜ್ವರವೋ, ಡೆಂಗಿಯೋ, ಟೈಫಾಯ್ಡೋ, ಈ ರಾತ್ರಿಯೇ ಹುಬ್ಬಳ್ಳಿಗೆ ಕಳಿಸಬೇಕೋ, ಎರಡು ದಿನ ನೋಡಬಹುದೋ, ಇದನ್ನು ನಿರ್ಧರಿಸುವುದೇ ಒಂದು ವಿದ್ಯೆ. ಆ ವಿದ್ಯೆ ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ಸಿಗುವುದಿಲ್ಲ, ಏಕೆಂದರೆ ಅಂಥ ರೋಗಿ ವಾರ್ಡಿನಲ್ಲಿ ಮಲಗಿರುವುದೇ ಇಲ್ಲ.

ಹಿರಿಯರಿಗೆ ನೆನಪಿರಬಹುದು, ಹುಬ್ಬಳ್ಳಿ ಧಾರವಾಡ ಒಂದು ಕಾಲಕ್ಕೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಆಗ ಅನೇಕ ಡಾಕ್ಟರ ಬೋರ್ಡಿನ ಮೇಲೆ ಎಂ.ಬಿ.ಬಿ.ಎಸ್. ಇರುತ್ತಿರಲಿಲ್ಲ, ಎಲ್.ಸಿ.ಪಿ.ಎಸ್. ಎಂದು ಇರುತ್ತಿತ್ತು. ಪುಣೆಯಂಥ ಊರಿನ ವೈದ್ಯಕೀಯ ಶಾಲೆಯಲ್ಲಿ ಕಡಿಮೆ ಅವಧಿಯ ಕೋರ್ಸು ಮುಗಿಸಿ ಬಂದ ಲೈಸೆನ್ಷಿಯೇಟ್ ಡಾಕ್ಟರು ಅವರು. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ಇಡೀ ದೇಶದಲ್ಲಿ ನೋಂದಾಯಿತ ವೈದ್ಯರು 47,524. ಅದರಲ್ಲಿ 29,870 ಜನ ಇಂಥವರೇ. ಸಮಿತಿ ಈ ಕೋರ್ಸನ್ನು ನಿಲ್ಲಿಸಿ ಒಂದೇ ಬಗೆಯ ಡಾಕ್ಟರನ್ನು ತಯಾರು ಮಾಡೋಣ, ಅವನಿಗೆ ಊರಿನ ಆರೋಗ್ಯದ ಬಗ್ಗೆಯೂ ಚೆನ್ನಾಗಿ ಕಲಿಸೋಣ ಎಂದಿತು. ದೇಶಕ್ಕೆ ಇನ್ನೂ ಸಾವಿರಾರು ಡಾಕ್ಟರು ಬೇಕಿರುವಾಗ ಇದು ಬೇಡ ಎಂದು ಕೆಲವು ಸದಸ್ಯರು ಭಿನ್ನಮತ ಬರೆದರು. ಬಹುಮತ ಗೆದ್ದಿತು. ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಕಲ್ಪನೆಯೂ ಅದೇ ವರದಿಯಿಂದ ಬಂದದ್ದು.

ಹಳ್ಳಿಯವರಿಗೆ ಅರ್ಧ ಡಾಕ್ಟರ್ ಸಾಕು ಎನ್ನುವ ವಾದವನ್ನು ನಾನು ಆಗಿನದ್ದೂ ಒಪ್ಪುವುದಿಲ್ಲ, ಈಗ ಮತ್ತೆ ಮತ್ತೆ ಏಳುವುದನ್ನೂ ಒಪ್ಪುವುದಿಲ್ಲ. ಸಮಿತಿಯ ಉದ್ದೇಶ ದೊಡ್ಡದಿತ್ತು. ಆದರೆ ಒಂದೇ ಬಗೆಯ ಡಾಕ್ಟರ್ ಎಂದಮೇಲೆ ಅವನು ಯಾವ ಬಗೆಯವನಾದ? ಕಾಲೇಜು ಇರುವ ಪಟ್ಟಣದ ಬಗೆಯವನಾದ.

1957ರಲ್ಲಿ ನಮ್ಮ ಊರಿಗೇ ವೈದ್ಯಕೀಯ ಕಾಲೇಜು ಬಂತು. ಕರ್ನಾಟಕ ಮೆಡಿಕಲ್ ಕಾಲೇಜು. ಮುಂದೆ ಕಿಮ್ಸ್ ಆಯಿತು, ಈಚೆಗೆ ಮತ್ತೆ ಹೆಸರು ಬದಲಾಗಿದೆ. ರಿಕ್ಷಾದವರಿಗೆ ಮಾತ್ರ ಇನ್ನೂ ಕೆ.ಎಂ.ಸಿ. ಎಂದರೇ ತಿಳಿಯುವುದು. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಕಾರವಾರದ ಕಡೆಯ ಬಡವರಿಗೆ ಆ ಆಸ್ಪತ್ರೆ ಏನು ಮಾಡಿದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಈ ಸಭೆಯಲ್ಲಿ ಕೂತ ಪ್ರತಿ ಮನೆಯಲ್ಲೂ ಅಲ್ಲಿ ಹುಟ್ಟಿದವರೋ ಅಲ್ಲಿ ಬದುಕಿ ಬಂದವರೋ ಒಬ್ಬರು ಇದ್ದೇ ಇರುತ್ತಾರೆ. ಈಗ ಹುಬ್ಬಳ್ಳಿ ಧಾರವಾಡದಲ್ಲಿ ಖಾಸಗಿಯೂ ಸೇರಿ ಮೂರು ಎಂ.ಬಿ.ಬಿ.ಎಸ್. ಕಾಲೇಜುಗಳಿವೆ. ಗದಗ, ಹಾವೇರಿ, ಕಾರವಾರದಲ್ಲೂ ಸರ್ಕಾರಿ ಕಾಲೇಜುಗಳಾಗಿವೆ. ರಾಜ್ಯದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಎಂ.ಬಿ.ಬಿ.ಎಸ್. ಸೀಟುಗಳಿವೆ. ನಮ್ಮ ಬಾಲ್ಯದಲ್ಲಿ ಡಾಕ್ಟರೇ ಕಡಿಮೆ ಎನ್ನುತ್ತಿದ್ದೆವು. ಈಗ ಆ ಮಾತು ಹೇಳಲಿಕ್ಕೆ ಬರುವುದಿಲ್ಲ.

ಹಾಗಂತ ಸರ್ಕಾರ ಏನೂ ಮಾಡಲಿಲ್ಲ ಎಂದಲ್ಲ. 1977ರಲ್ಲಿ ಕೇಂದ್ರ ಸರ್ಕಾರ ವೈದ್ಯಕೀಯ ಶಿಕ್ಷಣವನ್ನು ಹಳ್ಳಿಯ ಕಡೆ ತಿರುಗಿಸುವ ಯೋಜನೆ ತಂದಿತು. ರೋಮ್ ಯೋಜನೆ ಎಂದು ಕರೆಯುತ್ತಿದ್ದರು. ಪ್ರತಿ ಕಾಲೇಜೂ ಮೊದಲಿಗೆ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಹೊರಬೇಕು, ವಿದ್ಯಾರ್ಥಿಗಳು ಅಧ್ಯಾಪಕರು ಅಲ್ಲಿಗೆ ಹೋಗಬೇಕು ಎಂದು. ಹೋಗಲಿಕ್ಕೆ ದೊಡ್ಡ ಸಂಚಾರಿ ವ್ಯಾನುಗಳನ್ನೂ ಕೊಟ್ಟರು. ನಾನು ಓದುವಾಗ ಅಂಥ ಒಂದು ವ್ಯಾನ್ ಮರದ ಕೆಳಗೆ ನಿಂತಿರುತ್ತಿತ್ತು. ಚಕ್ರಕ್ಕೆ ಗಾಳಿ ಇರಲಿಲ್ಲ, ಒಳಗೆ ನಾಯಿ ಮರಿ ಹಾಕಿತ್ತು. ವ್ಯಾನಿಗೆ ದುಡ್ಡು ಬಂದಿತ್ತು, ಹಳ್ಳಿಯ ಕೇಂದ್ರದಲ್ಲಿ ನಿಂತು ಕಲಿಸುವ ಮನುಷ್ಯನಿಗೆ ಬಂದಿರಲಿಲ್ಲ. ಇಂಟರ್ನ್‌ಶಿಪ್ಪಿನಲ್ಲಿ ನಮ್ಮನ್ನು ಹಳ್ಳಿಗೆ ಕಳಿಸಿದರು, ಹೌದು. ಬೆಳಿಗ್ಗೆ ಹೋಗಿ ಹಾಜರಿ ಹಾಕಿ ಮಧ್ಯಾಹ್ನದ ಬಸ್ಸಿಗೆ ಬಂದೆವು. ತಪ್ಪು ನಮ್ಮದೂ ಇತ್ತು. ಆದರೆ ಅಲ್ಲಿ ನಮಗೆ ಕಲಿಸಬೇಕಾದ ವೈದ್ಯಾಧಿಕಾರಿಯ ಮುಂದೆ ನೂರು ಜನರ ಸಾಲು ಇರುತ್ತಿತ್ತು. ಅವರು ನಮಗೆ ಒಂದು ರೋಗಿಯನ್ನು ತೋರಿಸಿ ವಿವರಿಸಲು ಹದಿನೈದು ನಿಮಿಷ ಕೊಟ್ಟರೆ ಸಾಲಿನ ಕೊನೆಯವರು ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು.

ನನ್ನ ಇಡೀ ಭಾಷಣದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಈ ಹದಿನೈದು ನಿಮಿಷವನ್ನು ಇಟ್ಟುಕೊಳ್ಳಿ. ಆ ಹದಿನೈದು ನಿಮಿಷಕ್ಕೆ ಯಾರೂ ದುಡ್ಡು ಕೊಡುತ್ತಿಲ್ಲ.

ಮುಂದೆ ಕಾನೂನು ಬಂತು. 2012ರಲ್ಲಿ ನಮ್ಮ ವಿಧಾನಮಂಡಲ ಕಡ್ಡಾಯ ಸೇವಾ ತರಬೇತಿ ಕಾಯ್ದೆ ಮಾಡಿತು. ಜಾರಿಗೆ ಬಂದದ್ದು 2015ರಲ್ಲಿ. ಎಂ.ಬಿ.ಬಿ.ಎಸ್. ಆದವರು, ಸ್ನಾತಕೋತ್ತರ ಆದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು, ತಪ್ಪಿಸಿಕೊಂಡರೆ ಲಕ್ಷಗಟ್ಟಲೆ ದಂಡ. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 2019ರಲ್ಲಿ ಹೈಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಅದೇ ವರ್ಷ ಬೇರೆ ರಾಜ್ಯಗಳ ಬಾಂಡುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಬಾಂಡ್ ತಪ್ಪಲ್ಲ ಎಂದಿತು. 2023ರಲ್ಲಿ ನಮ್ಮ ಕಾಯ್ದೆಗೆ ತಿದ್ದುಪಡಿ ಬಂತು: ಪ್ರತಿಯೊಬ್ಬರೂ ಹೋಗಬೇಕಾಗಿಲ್ಲ, ಖಾಲಿ ಹುದ್ದೆ ಎಷ್ಟಿದೆಯೋ ಅಷ್ಟು ಜನ ಹೋದರೆ ಸಾಕು. ಪಾಸಾದವರು ಜಾಸ್ತಿ, ಹುದ್ದೆಗಳು ಕಡಿಮೆ ಎಂಬುದು ಕಾರಣ. ಹತ್ತೇ ವರ್ಷದಲ್ಲಿ ಲೆಕ್ಕ ಹೇಗೆ ತಿರುಗಿತು ನೋಡಿ.

ಈ ಕಾಯ್ದೆಯನ್ನು ಬೈಯುವವರ ಸಾಲಿನಲ್ಲಿ ನಾನಿಲ್ಲ. ಊರಿನ ದುಡ್ಡಿನಲ್ಲಿ ಓದಿದವರು ಊರಿಗೆ ಒಂದು ವರ್ಷ ಕೊಡುವುದು ನ್ಯಾಯ. ಖಾಲಿ ಬಿದ್ದ ಕುರ್ಚಿಗಳು ತುಂಬಿದವು, ಅದೂ ನಿಜ. ನನ್ನ ದೂರು ಬೇರೆ. ಕಾಯ್ದೆಯ ಹೆಸರಿನಲ್ಲೇ ತರಬೇತಿ ಎಂಬ ಪದ ಇದೆ. ಆ ಒಂದು ವರ್ಷದಲ್ಲಿ ತರಬೇತಿ ಕೊಡುವವರು ಯಾರು? ಇಪ್ಪತ್ತನಾಲ್ಕು ವರ್ಷದ ಹುಡುಗಿ ಒಂಟಿಯಾಗಿ ಒ.ಪಿ.ಡಿ. ನಡೆಸುತ್ತಾಳೆ. ಕೇಳಬೇಕೆಂದರೆ ಮೊಬೈಲಿನಲ್ಲಿ ಗೆಳತಿಯನ್ನು ಕೇಳಬೇಕು, ಆ ಗೆಳತಿಯೂ ಇನ್ನೊಂದು ಊರಿನಲ್ಲಿ ಒಂಟಿಯಾಗಿ ಕೂತಿರುತ್ತಾಳೆ. ಊರು, ಜನ, ಕಾಯಿಲೆ ಮೂರೂ ಪರಿಚಯ ಆಗುವ ಹೊತ್ತಿಗೆ ವರ್ಷ ಮುಗಿಯುತ್ತದೆ. ನನ್ನ ಆ ಅವ್ವನ ಚೀಲಕ್ಕೆ ಇನ್ನೊಂದು ಚೀಟಿ ಸೇರುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ., ಕ್ಷಯ, ಇವು ವರ್ಷಗಟ್ಟಲೆ ಒಬ್ಬರೇ ನೋಡಬೇಕಾದ ಕಾಯಿಲೆಗಳು. ಗುಳಿಗೆ ತಪ್ಪಿದ್ದು ಯಾಕೆ ಎಂದು ಕೇಳಿದರೆ ಮಗ ದುಡಿಯಲಿಕ್ಕೆ ಗೋವಾಕ್ಕೆ ಹೋಗಿದ್ದಾನೆ, ತಂದುಕೊಡುವವರಿಲ್ಲ ಎಂದು ಗೊತ್ತಾಗುತ್ತದೆ. ಕೇಳಬೇಕೆಂದು ಹೊಳೆಯಲಿಕ್ಕೇ ಹೊಸಬರಿಗೆ ಆರು ತಿಂಗಳು ಬೇಕು.

ಹಳ್ಳಿಯ ದವಾಖಾನೆಯಲ್ಲಿ ಏನು ಕಲಿಯುವುದಿದೆ ಎಂದು ಮೂಗು ಮುರಿಯುವವರಿಗೆ ನಾನು ಯಾವಾಗಲೂ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರ ಕಥೆ ಹೇಳುತ್ತೇನೆ. ಮಹಾರಾಷ್ಟ್ರದ ಕೊಂಕಣದಲ್ಲಿ, ಮಹಾಡ ತಾಲ್ಲೂಕಿನ ಬಿರವಾಡಿ ಎಂಬ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 1970ರ ದಶಕದಲ್ಲಿ ಬಂದ ತರುಣ ವೈದ್ಯ. ಅಲ್ಲಿ ಕೆಂಪು ಚೇಳು ಕಡಿದು ಮಕ್ಕಳು ಕಣ್ಣೆದುರೇ ಸಾಯುತ್ತಿದ್ದರು. ಪುಸ್ತಕದಲ್ಲಿ ಸರಿಯಾದ ಚಿಕಿತ್ಸೆ ಇರಲಿಲ್ಲ. ಅವರು ರಾತ್ರಿಯೆಲ್ಲ ರೋಗಿಗಳ ಪಕ್ಕ ಕೂತು ನಾಡಿ, ರಕ್ತದೊತ್ತಡ, ಉಸಿರು ಬರೆದಿಟ್ಟರು. ಸಾವು ಬರುವುದು ಹೃದಯ ಸೋತು, ಪುಪ್ಪುಸದಲ್ಲಿ ನೀರು ತುಂಬಿ ಎಂದು ಗುರುತಿಸಿದರು. ಕೊನೆಗೆ ಬಿ.ಪಿ.ಗೆ ಕೊಡುವ ಪ್ರಾಜೋಸಿನ್ ಎಂಬ ಅಗ್ಗದ ಗುಳಿಗೆ ಕೊಟ್ಟು ನೋಡಿದರು. ಸಾಯುವವರ ಸಂಖ್ಯೆ ಬಹಳ ಇಳಿಯಿತು. ಆ ಕೆಲಸ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು, 2022ರಲ್ಲಿ ಪದ್ಮಶ್ರೀ ಬಂತು. ನಮ್ಮ ಭಾಗದಲ್ಲೂ ಚೇಳು ಕಡಿದು ಬಂದ ಮಗುವಿಗೆ ನಾವು ಆ ಗುಳಿಗೆ ಕೊಟ್ಟು ಬದುಕಿಸಿದ್ದೇವೆ. ಯಾವ ದೊಡ್ಡ ಆಸ್ಪತ್ರೆಯೂ ಬಿರವಾಡಿಗೆ ಇದನ್ನು ಕಲಿಸಿರಲಿಲ್ಲ. ಬಿರವಾಡಿಯೇ ದೊಡ್ಡ ಆಸ್ಪತ್ರೆಗಳಿಗೆ ಕಲಿಸಿತು.

ಬೇರೆ ಕಡೆ ಏನು ಮಾಡಿದ್ದಾರೆ ಎಂದು ಸ್ವಲ್ಪ ನೋಡೋಣ. ಜಪಾನಿನಲ್ಲಿ 1972ರಲ್ಲಿ ಜಿಚಿ ಎಂಬ ವೈದ್ಯಕೀಯ ವಿಶ್ವವಿದ್ಯಾಲಯವನ್ನು ಎಲ್ಲ ಪ್ರಾಂತ್ಯಗಳೂ ಸೇರಿ ಕಟ್ಟಿದವು. ಪ್ರತಿ ಪ್ರಾಂತ್ಯ ವರ್ಷಕ್ಕೆ ಎರಡು ಮೂರು ವಿದ್ಯಾರ್ಥಿಗಳನ್ನು ಆರಿಸಿ ಕಳಿಸುತ್ತದೆ, ಶುಲ್ಕವನ್ನೂ ಅದೇ ಭರಿಸುತ್ತದೆ. ಆರು ವರ್ಷ ಓದಿದವರು ಅದರ ಒಂದೂವರೆ ಪಟ್ಟು, ಅಂದರೆ ಒಂಬತ್ತು ವರ್ಷ, ತಮ್ಮ ಪ್ರಾಂತ್ಯಕ್ಕೇ ಮರಳಿ ಕೆಲಸ ಮಾಡಬೇಕು. ಆ ಒಂಬತ್ತು ವರ್ಷದಲ್ಲಿ ಮೊದಲು ದೊಡ್ಡ ಆಸ್ಪತ್ರೆಯಲ್ಲಿ ತರಬೇತಿ, ಆಮೇಲೆ ಹಳ್ಳಿ ಮತ್ತು ದ್ವೀಪಗಳ ದವಾಖಾನೆ, ನಡುವೆ ಮತ್ತೆ ತರಬೇತಿ. ಬಹುಪಾಲು ಜನ ಒಪ್ಪಂದ ಪೂರೈಸುತ್ತಾರೆ. ಅಲ್ಲಿಯೂ ಬಾಂಡ್ ಇದೆ, ಆದರೆ ಬಾಂಡಿನ ಜೊತೆಗೆ ದಾರಿಯೂ ಇದೆ.

ಅಮೆರಿಕದಂಥ ಶ್ರೀಮಂತ ದೇಶದಲ್ಲೂ ಇದೇ ರೋಗ. ಅಲ್ಲಿ 1965ರಿಂದ ಎಳೆಯ ವೈದ್ಯರ ತರಬೇತಿಯ ಸರ್ಕಾರಿ ಹಣ ಮುಖ್ಯವಾಗಿ ಆಸ್ಪತ್ರೆಗಳ ಮೂಲಕವೇ ಹರಿಯುತ್ತಿದೆ. 2010ರ ಆರೋಗ್ಯ ಕಾನೂನಿನಲ್ಲಿ ಒಂದು ಸಣ್ಣ ಕಾಲುವೆ ತೋಡಿದರು: ಬಡವರ ಬಡಾವಣೆಯ, ಹಳ್ಳಿಗಾಡಿನ ಪ್ರಾಥಮಿಕ ಚಿಕಿತ್ಸಾಲಯಗಳೇ ತರಬೇತಿ ನಡೆಸಿದರೆ ಹಣ ನೇರ ಅವುಗಳಿಗೇ. ಒಳ್ಳೆಯ ಯೋಜನೆ. ಕುಂದು ಏನೆಂದರೆ ಅದರ ಹಣಕ್ಕೆ ಅವಧಿ ಇದೆ, ಮತ್ತೆ ಮತ್ತೆ ಮಂಜೂರಾಗಬೇಕು. ಮೂರು ವರ್ಷದ ಕಲಿಕೆಗೆ ಒಂದೆರಡು ವರ್ಷದ ದುಡ್ಡು ಕೊಟ್ಟರೆ ಕಲಿಸುವವನ ನಿದ್ದೆ ಕೆಡುತ್ತದೆ. ಗುತ್ತಿಗೆ ನೌಕರಿ ಮಾಡಿದ ನಮ್ಮ ಸಿಸ್ಟರ್‌ಗಳಿಗೆ, ಅತಿಥಿ ಶಿಕ್ಷಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ದೂರ ಹೋಗುವುದೇ ಬೇಡ, ಪಕ್ಕದ ತಮಿಳುನಾಡು ನೋಡಿ. ಅಲ್ಲಿ ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆ ರಾಜ್ಯದ ಸ್ನಾತಕೋತ್ತರ ಸೀಟುಗಳಲ್ಲಿ ಅರ್ಧ ಪಾಲು ಎಂಬ ಪದ್ಧತಿ ಬಹಳ ಕಾಲದಿಂದ ಇತ್ತು. ನಡುವೆ ನಿಂತಿತು. ರಾಜ್ಯಗಳು ಇಂಥ ಪಾಲು ಇಡಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಳ್ಳಿಗೆ ಹೋದರೆ ಓದು ಮುಗಿಯಿತು ಎಂಬ ಭಯ ಅಲ್ಲಿನ ತರುಣ ವೈದ್ಯರಿಗೆ ಕಡಿಮೆ. ನಮ್ಮಲ್ಲೂ ಸೇವಾನಿರತರಿಗೆ ಒಂದಿಷ್ಟು ಪಾಲು ಇದೆ, ಆದರೆ ಅಷ್ಟಿಲ್ಲ. ನನ್ನ ಟ್ರಂಕಿನ ಪುಸ್ತಕಗಳ ಕಥೆ ಏನಾಯಿತು ಎಂದು ಕೇಳುವವರಿಗೆ ಹೇಳುತ್ತೇನೆ: ನನಗೆ ಸೀಟು ಸಿಗಲಿಲ್ಲ, ಅದಕ್ಕೇ ಆ ಊರಿನಲ್ಲಿ ಹನ್ನೊಂದು ವರ್ಷ ಉಳಿದೆ. ಸೇವಾಭಾವ ಎಂದು ಬಳಿಕ ಸನ್ಮಾನ ಮಾಡಿದರು. ಮೊದಲ ಮೂರು ವರ್ಷ ಅದು ಸೋಲೇ ಆಗಿತ್ತು, ಆಮೇಲೆ ಹಾಗನ್ನಿಸಲಿಲ್ಲ. ಒಂದು ವ್ಯವಸ್ಥೆ ಇಂಥ ಆಕಸ್ಮಿಕಗಳನ್ನು ನಂಬಿ ನಡೆಯಬಾರದು.

ಹಾಗಾದರೆ ಏನು ಕೇಳಬೇಕು? ನಿಯಮದ ಪ್ರಕಾರ ಪ್ರತಿ ವೈದ್ಯಕೀಯ ಕಾಲೇಜಿಗೂ ಒಂದು ಗ್ರಾಮೀಣ ತರಬೇತಿ ಕೇಂದ್ರ ಇರಲೇಬೇಕು. ಈಗ ಎಂ.ಬಿ.ಬಿ.ಎ‌ಸ್. ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಓದು ಮುಗಿಯುವವರೆಗೆ ಅವರ ಆರೋಗ್ಯ ನೋಡುವ ಕ್ರಮ ಬಂದಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ದಿಕ್ಕು ಸರಿ ಇದೆ. ನಾನು ಕೇಳುವುದು ಇದರ ಮುಂದಿನ ಹೆಜ್ಜೆ. ನಮ್ಮ ಜಿಲ್ಲೆಯ ಪ್ರತಿ ತಾಲ್ಲೂಕಿನಲ್ಲಿ, ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿ, ಅಳ್ನಾವರ ಎಲ್ಲದರಲ್ಲೂ, ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕಲಿಸುವ ಕೇಂದ್ರ ಎಂದು ಮಾಡಲಿ. ಅಲ್ಲಿ ಒಬ್ಬರ ಬದಲು ಇಬ್ಬರು ಕಾಯಂ ವೈದ್ಯರು ಇರಲಿ, ಒಬ್ಬರು ಸಾಲು ನೋಡುವಾಗ ಇನ್ನೊಬ್ಬರು ಕಲಿಸಲಿ. ಕಲಿಸಿದ್ದಕ್ಕೆ ಅವರಿಗೆ ಸಂಬಳದಲ್ಲಿ, ಬಡ್ತಿಯಲ್ಲಿ ಲೆಕ್ಕ ಇರಲಿ. ಸಿಸ್ಟರ್‌ಗೂ ಇರಲಿ. ವಿದ್ಯಾರ್ಥಿಗಳು ರಾತ್ರಿ ಉಳಿಯಲು ನಾಲ್ಕು ಕೋಣೆ, ಹೆಣ್ಣುಮಕ್ಕಳಿಗೆ ಭದ್ರವಾದ ಬಾಗಿಲು, ನೀರಿರುವ ಶೌಚಾಲಯ ಇರಲಿ. ರಾತ್ರಿ ಉಳಿಯದವರಿಗೆ ಹಳ್ಳಿಯ ಕಾಯಿಲೆ ಅರ್ಧವೇ ಕಾಣುತ್ತದೆ. ಹಾವು ಕಡಿಯುವುದೂ ಹೆರಿಗೆ ನೋವು ಬರುವುದೂ ಕಚೇರಿ ವೇಳೆ ನೋಡಿಕೊಂಡಲ್ಲ.

ಕುಟುಂಬ ವೈದ್ಯಶಾಸ್ತ್ರ ಎಂಬುದು ಈಗ ಸ್ವತಂತ್ರ ಸ್ನಾತಕೋತ್ತರ ವಿಷಯ. ಕೋಳಿಕ್ಕೋಡಿನ ಸರ್ಕಾರಿ ಕಾಲೇಜು ಹತ್ತು ವರ್ಷಗಳ ಹಿಂದೆಯೇ ಅದರಲ್ಲಿ ಎಂ.ಡಿ. ಶುರು ಮಾಡಿತು. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಎರಡು ವರ್ಷದ ಡಿಪ್ಲೊಮಾ ಕೂಡ ಇದೆ. ಮಗುವಿನಿಂದ ಮುದುಕರವರೆಗೆ, ಹೆರಿಗೆಯಿಂದ ಮನಸ್ಸಿನ ಕಾಯಿಲೆಯವರೆಗೆ ಮೊದಲ ಹಂತದಲ್ಲಿ ನೋಡಬಲ್ಲ ವೈದ್ಯ. ಈ ಕಲಿಸುವ ಕೇಂದ್ರಗಳಲ್ಲಿ ಆ ಸೀಟುಗಳನ್ನು ಸರ್ಕಾರದ ಖರ್ಚಿನಲ್ಲಿ ನಡೆಸಿದರೆ ಕಡ್ಡಾಯ ಸೇವೆಗೆ ಬಂದ ಹುಡುಗ ಹುಡುಗಿಯರಲ್ಲಿ ಕೆಲವರಾದರೂ ಅಲ್ಲೇ ಉಳಿದು ಓದುತ್ತಾರೆ. ಸೇವೆ ಮಾಡುತ್ತಲೇ ಪದವಿಯೂ ಸಿಗುತ್ತದೆ. ಎಲ್ಲರೂ ಉಳಿಯುತ್ತಾರೆ ಎಂದು ನಾನು ಹೇಳುವುದಿಲ್ಲ. ಇಬ್ಬರು ಉಳಿದರೂ ಒಂದು ಹೋಬಳಿಯ ಬದುಕು ಬದಲಾಗುತ್ತದೆ.

ಕೊನೆಗೆ ನಮ್ಮ ಶಾಲೆಯ ಮಾತು. ಹಳ್ಳಿಯಲ್ಲಿ ಯಾರು ಉಳಿಯುತ್ತಾರೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ಪರಿಶೀಲಿಸಿ 2010ರಲ್ಲಿ ಶಿಫಾರಸು ಮಾಡಿತು, 2021ರಲ್ಲಿ ಮತ್ತೆ ಹೇಳಿತು. ಮೊದಲ ಸಲಹೆಯೇ ಹಳ್ಳಿಯ ಹಿನ್ನೆಲೆಯ ಮಕ್ಕಳನ್ನು ಸೇರಿಸಿಕೊಳ್ಳಿ ಎಂಬುದು. ನಮ್ಮ ರಾಜ್ಯದಲ್ಲಿ ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು ಇದೆ. ನಮ್ಮ ಮಕ್ಕಳ ಪಾಡು ವಿಚಿತ್ರ. ಮಹಾನಗರ ಪಾಲಿಕೆಯ ನಕ್ಷೆಯೊಳಗೆ ಇದ್ದೇವೆ ಎಂದು ಗ್ರಾಮೀಣ ಕೋಟಾ ಇಲ್ಲ. ಆದರೆ ಈ ಅಂಗಳದಲ್ಲಿ ಕೂತ ಮಕ್ಕಳಲ್ಲಿ ಎಷ್ಟು ಜನರ ಅಜ್ಜಿ ಮನೆ ಇನ್ನೂ ನೂಲ್ವಿ, ಛಬ್ಬಿ, ಅಂಚಟಗೇರಿ ಕಡೆ ಇದೆ ಎಂದು ಕೇಳಿ ನೋಡಿ. ಕನ್ನಡ ಮಾಧ್ಯಮದ ಕೋಟಾ ಇದೆ, ಆದರೆ ನೀಟ್ ದಾಟಿದ ಮೇಲಷ್ಟೇ ಅದು. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಸಿಗುತ್ತದೆ. ತಯಾರಿ ಮಾಡಿಸುವ ಕ್ಲಾಸು ಮಾತ್ರ ಇಂಗ್ಲಿಷಿನಲ್ಲಿ, ಅದರ ಫೀ ನಮ್ಮ ಪಾಲಕರು ವರ್ಷವಿಡೀ ದುಡಿದರೂ ಕಟ್ಟಲಾರದಷ್ಟು. ಧಾರವಾಡ ವಿದ್ಯಾಕಾಶಿ, ಹೌದು, ಆದರೆ ಕಾಶಿಗೆ ಹೋಗಲಿಕ್ಕೂ ದುಡ್ಡು ಬೇಕು. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ. 7.5 ಒಳಮೀಸಲು ಕೊಟ್ಟಿತು. ಕೂಲಿಕಾರರ, ಮೀನುಗಾರರ ಮಕ್ಕಳು ಅಲ್ಲಿ ಬಿಳಿ ಕೋಟು ಹಾಕಿದರು. ನಮ್ಮಲ್ಲಿ ಯಾಕಾಗಬಾರದು?

ನಿನ್ನೆ ಹತ್ತನೆಯ ತರಗತಿಗೆ ಹೋಗಿ ಯಾರು ಡಾಕ್ಟರ್ ಆಗುತ್ತೀರಿ ಎಂದು ಕೇಳಿದೆ. ಹನ್ನೊಂದು ಕೈ ಮೇಲೆದ್ದವು. ಎಷ್ಟು ಖರ್ಚಾಗುತ್ತದೆ ಗೊತ್ತೇ ಎಂದು ಅಕ್ಕೋರು ಕೇಳಿದರು. ಆರು ಕೈ ಕೆಳಗಿಳಿದವು. ಅಕ್ಕೋರ ತಪ್ಪಲ್ಲ, ಅವರು ಸತ್ಯವನ್ನೇ ಕೇಳಿದರು.

ಸುವರ್ಣ ಮಹೋತ್ಸವದ ನಿಧಿಯಲ್ಲಿ ಉಳಿಯುವ ಹಣದಿಂದ ಗೇಟಿಗೆ ಕಮಾನು ಕಟ್ಟಿಸುವ ಮಾತು ನಡೆದಿದೆ ಎಂದು ಕೇಳಿದೆ. ಕಮಾನಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ವರ್ಷಕ್ಕೆ ಇಬ್ಬರು ಮಕ್ಕಳಿಗೆ ಪಿಯುಸಿ ವಿಜ್ಞಾನದ ಎರಡು ವರ್ಷ, ನೀಟ್ ತಯಾರಿಯ ಖರ್ಚು ನಾವು ಹಳೆಯ ವಿದ್ಯಾರ್ಥಿಗಳು ಕೊಡುವಂತಾಗಲಿ. ನನ್ನ ಮೊದಲ ಕಂತನ್ನು ಬೆಳಿಗ್ಗೆಯೇ ಖಜಾಂಚಿಗಳ ಕೈಗೆ ಕೊಟ್ಟಿದ್ದೇನೆ, ರಸೀದಿ ಇನ್ನೂ ಬಂದಿಲ್ಲ. ಹಾಗೆಂದು ಇದು ದಾನದಿಂದ ಮುಗಿಯುವ ಕೆಲಸವಲ್ಲ. ಎರಡು ಮಕ್ಕಳನ್ನು ನಾವು ಓದಿಸಬಹುದು, ಕಲಿಸುವ ಆರೋಗ್ಯ ಕೇಂದ್ರಗಳನ್ನು ಸರ್ಕಾರವೇ ನಡೆಸಬೇಕು. ಅದಕ್ಕಾಗಿ ಒಂದು ಮನವಿಪತ್ರ ಬರೆದು ತಂದಿದ್ದೇನೆ. ನಾನು ಹೇಳಿದ ಕಲಿಸುವ ಕೇಂದ್ರಗಳು, ಎರಡನೆಯ ವೈದ್ಯರ ಹುದ್ದೆ, ಸರ್ಕಾರಿ ಶಾಲೆಯ ಮಕ್ಕಳ ಒಳಮೀಸಲು, ಮೂರೇ ಬೇಡಿಕೆ, ಒಂದೇ ಪುಟ. ನಮ್ಮ ಶಾಸಕರಿಗೆ, ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣ ಇಲಾಖೆಗಳಿಗೆ ಕೊಡೋಣ. ಊಟದ ಹಾಲಿನ ಬಾಗಿಲ ಹತ್ತಿರ ಮೇಜಿನ ಮೇಲೆ ಇಟ್ಟಿದ್ದೇನೆ, ಪೆನ್ನಿಗೆ ದಾರ ಕಟ್ಟಿದ್ದೇನೆ. ಸಹಿ ಬಾರದ ತಾಯಂದಿರು ಹೆಬ್ಬೆಟ್ಟು ಒತ್ತಿದರೂ ಆಯಿತು, ಮಸಿ ಡಬ್ಬಿಯೂ ಅಲ್ಲೇ ಇದೆ.

ಅಡುಗೆಯವರು ಆಗಲೇ ಎರಡು ಸಲ ಸನ್ನೆ ಮಾಡಿದರು, ರೊಟ್ಟಿ ಆರುತ್ತಿವೆ.